ಅಮೆರಿಕದ ಹಳೆಯ ನಾಣ್ಯಗಳಲ್ಲಿ ಬೆಳ್ಳಿಯನ್ನು ಗುರುತಿಸುವ ಬಗೆ

ನಮಸ್ಕಾರ. ನಿಮ್ಮ ದೊಡ್ಡಪ್ಪನವರು ಅಮೆರಿಕದಿಂದ ತಂದಿಟ್ಟಿದ್ದ ಡಬ್ಬಿಯಲ್ಲಿ ಡೈಮ್ (ಹತ್ತು ಸೆಂಟು), ಕ್ವಾರ್ಟರ್ (ಇಪ್ಪತ್ತೈದು ಸೆಂಟು), ಕೆನಡಿಯವರ ಮುಖವಿರುವ ಹಾಫ್ ಡಾಲರ್ (ಐವತ್ತು ಸೆಂಟು), ಕೆಲವು ಐದು ಸೆಂಟಿನ ನಾಣ್ಯಗಳು, ಜೊತೆಗೆ 1922 ಮತ್ತು 1972ರ ಎರಡು ದೊಡ್ಡ ಡಾಲರ್‌ಗಳು ಸಿಕ್ಕಿವೆ ಎಂದು ಬರೆದಿದ್ದೀರಿ. ಚಿನಿವಾರರೊಬ್ಬರು ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ದರಕ್ಕೆ ಕೊಳ್ಳುತ್ತೇನೆಂದಿದ್ದಾರೆ, ಕೊಡಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಈಗಲೇ ಕೊಡಬೇಡಿ. ಇಂಥ ಡಬ್ಬಿಯಲ್ಲಿ 90% ಬೆಳ್ಳಿಯವು, 40% ಬೆಳ್ಳಿಯವು, ಬೆಳ್ಳಿಯೇ ಇಲ್ಲದವು ಮೂರೂ ಸೇರಿಕೊಂಡಿರುತ್ತವೆ. ಹೀಗಿರುವಾಗ ಒಂದೇ ದರ ಎಂದರೆ ಒಳ್ಳೆಯ ನಾಣ್ಯಗಳಿಗೆ ಬೆಲೆ ಕಡಿಮೆಯಾಯಿತೆಂದೇ ಅರ್ಥ.

ಮೊದಲು ಇಸವಿ ನೋಡಿ. 1874ರಿಂದ 1964ರವರೆಗಿನ ಡೈಮ್, ಕ್ವಾರ್ಟರ್, ಹಾಫ್ ಡಾಲರ್‌ಗಳಲ್ಲಿ 90% ಬೆಳ್ಳಿ, ಉಳಿದದ್ದು ತಾಮ್ರ. ಸವೆಯದ ನಾಣ್ಯಗಳ ತೂಕ ಕ್ರಮವಾಗಿ 2.5, 6.25 ಮತ್ತು 12.5 ಗ್ರಾಂ, ಹಾಫ್ ಡಾಲರ್ ಒಂದರಲ್ಲೇ 11.25 ಗ್ರಾಂ ಅಪ್ಪಟ ಬೆಳ್ಳಿ ಇರುತ್ತದೆ. 1965ರ ಇಸವಿಯಿಂದ ಚಲಾವಣೆಯ ಡೈಮ್ ಮತ್ತು ಕ್ವಾರ್ಟರ್‌ಗಳಲ್ಲಿ ಬೆಳ್ಳಿ ಇಲ್ಲ. ತಾಮ್ರದ ತಿರುಳಿನ ಎರಡೂ ಬದಿಗೆ ತಾಮ್ರ ಮತ್ತು ನಿಕ್ಕಲ್ ಬೆರೆತ ತೆಳುವಾದ ಪದರವನ್ನು ಕೂಡಿಸಿರುತ್ತಾರೆ. ನಾಣ್ಯವನ್ನು ಬೆರಳುಗಳ ನಡುವೆ ನಿಲ್ಲಿಸಿ ಅಂಚನ್ನು ನೋಡಿದರೆ ಕೆಂಪು ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಇಂಥ ಕ್ವಾರ್ಟರ್ ತೂಗುವುದು 5.67 ಗ್ರಾಂ ಮಾತ್ರ.

ತಪ್ಪು ಹೆಚ್ಚಾಗಿ ಆಗುವುದು ಕೆನಡಿ ನಾಣ್ಯಗಳಲ್ಲಿ. ಅವುಗಳಲ್ಲಿ 1964ರದ್ದು 90%, 1965ರಿಂದ 1970ರವರೆಗಿನವು 40%, 1971ರಿಂದ ಚಲಾವಣೆಗೆ ಬಂದವುಗಳಲ್ಲಿ ಬೆಳ್ಳಿ ಇಲ್ಲ. ನಡುವಿನ ವರ್ಷಗಳ ನಾಣ್ಯ 11.5 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ 4.6 ಗ್ರಾಂ. ಬೆಳ್ಳಿಯಿಲ್ಲದ್ದು 11.34 ಗ್ರಾಂ ತೂಗುವುದರಿಂದ ಅಂಗಡಿಯ ಸಾಮಾನ್ಯ ತಕ್ಕಡಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲಿ ಇಸವಿಯನ್ನೇ ನಂಬಿ.

ಐದು ಸೆಂಟಿನ ನಾಣ್ಯಕ್ಕೆ 1964ರ ಲೆಕ್ಕ ಅನ್ವಯಿಸದು. ಅದಕ್ಕೆ ನಿಕ್ಕಲ್ ಎಂದೇ ಹೆಸರು, ಅದರಲ್ಲಿ ಸಾಮಾನ್ಯವಾಗಿ ಬೆಳ್ಳಿ ಇರುವುದೂ ಇಲ್ಲ. ಆದರೆ ಎರಡನೆಯ ಮಹಾಯುದ್ಧದಲ್ಲಿ ನಿಕ್ಕಲ್ ಲೋಹವನ್ನು ಉಳಿಸಬೇಕಾಗಿ ಬಂದದ್ದರಿಂದ, 1942ರ ಕೆಲವು ಮತ್ತು 1943ರಿಂದ 1945ರವರೆಗಿನ ನಾಣ್ಯಗಳನ್ನು 35% ಬೆಳ್ಳಿ, 56% ತಾಮ್ರ, 9% ಮ್ಯಾಂಗನೀಸ್ ಬೆರೆಸಿ ಮಾಡಿದರು. ಹಿಂಬದಿಯಲ್ಲಿ ಕಟ್ಟಡದ ಗುಮ್ಮಟದ ಮೇಲೆ ಪಿ, ಡಿ ಅಥವಾ ಎಸ್ ಎಂಬ ದೊಡ್ಡ ಅಕ್ಷರವಿದ್ದರೆ ಅದು ಬೆಳ್ಳಿಯದ್ದು.

ಯುದ್ಧಕಾಲದ ಐದು ಸೆಂಟಿನದ್ದನ್ನು ಬಿಟ್ಟರೆ ಉಳಿದ ಬದಲಾವಣೆಗಳಿಗೆಲ್ಲ ಮೂಲ ಒಂದೇ: ನಾಣ್ಯದಲ್ಲಿರುವ ಬೆಳ್ಳಿಯ ಬೆಲೆ ಅದರ ಮುಖಬೆಲೆಯನ್ನು ಮೀರಿದರೆ ಜನ ಅದನ್ನು ಕೂಡಿಡುತ್ತಾರೆ ಅಥವಾ ಕರಗಿಸುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಚಿನ್ನ ಹೇರಳವಾಗಿ ಸಿಕ್ಕಿದ ಮೇಲೆ ಚಿನ್ನದೆದುರು ಬೆಳ್ಳಿಯ ಬೆಲೆ ಏರಿ ಸಣ್ಣ ನಾಣ್ಯಗಳು ಹೊರದೇಶಗಳಿಗೆ ಹರಿದುಹೋದವು. ಆದ್ದರಿಂದ 1853ರಲ್ಲಿ ಹಾಫ್ ಡಾಲರ್‌ನ ತೂಕವನ್ನು 13.36 ಗ್ರಾಂನಿಂದ 12.44 ಗ್ರಾಂಗೆ ಇಳಿಸಿದರು. ಬೆರಕೆಯ ಪ್ರಮಾಣವನ್ನು ಮುಟ್ಟಲಿಲ್ಲ, ಗುರುತಿಗಾಗಿ ಇಸವಿಯ ಎರಡೂ ಬದಿಗೆ ಬಾಣಗಳನ್ನು ಕೆತ್ತಿದರು. ದೊಡ್ಡ ಡಾಲರ್‌ನ ತೂಕವನ್ನು ಮಾತ್ರ ಇಳಿಸಲಿಲ್ಲ. ಅದರ ಫಲವಾಗಿ ನಿಮ್ಮ 1922ರ ಡಾಲರ್‌ನಲ್ಲಿ 24.06 ಗ್ರಾಂ ಬೆಳ್ಳಿಯಿದ್ದರೆ, 1964ರ ಎರಡು ಹಾಫ್ ಡಾಲರ್‌ಗಳಲ್ಲಿ ಒಟ್ಟು 22.5 ಗ್ರಾಂ ಮಾತ್ರ ಇದೆ. ಮುಖಬೆಲೆಯ ಲೆಕ್ಕದಲ್ಲಿ ಕೊಳ್ಳುವವರು ಈ ಒಂದೂವರೆ ಗ್ರಾಂ ವ್ಯತ್ಯಾಸವನ್ನು ತಾವಾಗಿ ಹೇಳುವುದಿಲ್ಲ.

1960ರ ದಶಕದಲ್ಲಿ ಅದೇ ಭಯ ಮರಳಿತು. ಬೆಳ್ಳಿ ಔನ್ಸಿಗೆ ಸುಮಾರು 1.38 ಡಾಲರ್ ದಾಟಿದರೆ ಸಣ್ಣ ನಾಣ್ಯಗಳು ಕರಗಿಸಲು ಲಾಭದಾಯಕವಾಗುತ್ತಿದ್ದವು. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 23ರಂದು, ಡೈಮ್ ಮತ್ತು ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ತೆಗೆದ ಹೊಸ ಕಾಯಿದೆಗೆ ಸಹಿ ಹಾಕಿದರು. ನಾಣ್ಯ ಹಾಕಿ ಸರಕು ಪಡೆಯುವ ಯಂತ್ರಗಳು ಹೊಸ ನಾಣ್ಯವನ್ನು ತಿರಸ್ಕರಿಸಬಾರದೆಂಬುದು ಪದರದ ಲೋಹವನ್ನು ಆರಿಸಲು ಮುಖ್ಯ ಕಾರಣವಾಗಿತ್ತು. ಸಂಗ್ರಹಕಾರರು ಕೂಡಿಡದಿರಲೆಂದು, 1965ರಲ್ಲಿ ಅಚ್ಚಾದ ಬೆಳ್ಳಿ ನಾಣ್ಯಗಳಿಗೂ 1964 ಎಂದೇ ಇಸವಿ ಹಾಕಿದರು. 1964ರವು ಇಷ್ಟೊಂದು ಸಿಗುವುದಕ್ಕೆ ಇದೂ ಒಂದು ಕಾರಣ.

ನಿಮ್ಮ 1922ರ ಡಾಲರ್‌ಗೆ ನಮ್ಮ ದೇಶದೊಂದಿಗೂ ನಂಟಿದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಭಾರತದಲ್ಲಿ ಜನ ನೋಟುಗಳನ್ನು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದಾಗ, 1918ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕವು 27 ಕೋಟಿ ಡಾಲರ್ ನಾಣ್ಯಗಳನ್ನು ಕರಗಿಸಿ, ಹೆಚ್ಚಿನ ಬೆಳ್ಳಿಯನ್ನು ಇಲ್ಲಿನ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ಕರಗಿಸಿದಷ್ಟನ್ನು ಮತ್ತೆ ಅಚ್ಚು ಹಾಕಬೇಕೆಂದು ಅದೇ ಕಾಯಿದೆ ವಿಧಿಸಿದ್ದರಿಂದ ಹುಟ್ಟಿದ ನಾಣ್ಯಗಳಲ್ಲಿ 1922ರದ್ದೂ ಒಂದು. ಆ ವರ್ಷದ ಡಾಲರ್ ಅಪರೂಪವೇನಲ್ಲ. ಆದರೂ ನಾನಾಗಿದ್ದರೆ ಅದನ್ನು ಮಾರುತ್ತಿರಲಿಲ್ಲ.

ಈಗ ನಾಣ್ಯಗಳನ್ನು 90%, 40%, ಯುದ್ಧಕಾಲದ ಐದು ಸೆಂಟು, ಬೆಳ್ಳಿಯಿಲ್ಲದವು ಎಂದು ವಿಂಗಡಿಸಿ, ಪ್ರತಿ ಗುಂಪನ್ನೂ ಬೇರೆಯಾಗಿ ತೂಗಿಸಿ. ಸವಕಲು ನಾಣ್ಯಗಳ ತೂಕ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ; ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಕೊಡುವ ಬೆಲೆ ಇಳಿಯುತ್ತದೆ. 1972ರ ಡಾಲರ್‌ನಲ್ಲಿ ಕತ್ತಿನ ಕೆಳಗೆ, ಇಸವಿಯ ಮೇಲೆ ಎಸ್ ಅಕ್ಷರವಿದ್ದರೆ ಅದು 24.59 ಗ್ರಾಂ ತೂಗುವ 40% ಬೆಳ್ಳಿಯ ನಾಣ್ಯ, ಇಲ್ಲದಿದ್ದರೆ ಬೆಳ್ಳಿಯಿಲ್ಲದ 22.68 ಗ್ರಾಂ ನಾಣ್ಯ. ಆ ಭಾಗದ ಫೋಟೊವನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.