ಹಳೆಯ ಮೋಟಾರನ್ನು ಕಿತ್ತು ಹಾಕುವ ಮೊದಲು

ನಮಸ್ಕಾರ. ದೊಡ್ಡಪ್ಪನವರ ಉಗ್ರಾಣದಲ್ಲಿ ಮೂವತ್ತು ವರ್ಷ ಮುಚ್ಚಿಟ್ಟಿದ್ದ ಮೇಟ್ಯಾಗ್ ಕಂಪನಿಯ ಬಟ್ಟೆ ಒಗೆಯುವ ಯಂತ್ರವನ್ನು ತಂದಿದ್ದೇನೆ, ಪ್ಲಗ್ಗು ಹಾಕಿದರೆ ಮೋಟಾರು ಗುಂಯ್‌ಗುಟ್ಟುತ್ತದೆಯೇ ಹೊರತು ತಿರುಗುವುದಿಲ್ಲ, ಅದನ್ನು ತೆಗೆದು ಹೊಸದನ್ನು ಕೂರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೂರಿಸಬೇಡಿ. ಗುಂಯ್‌ಗುಟ್ಟುತ್ತಿದೆ ಎಂದರೆ ರನ್ನಿಂಗ್ ವೈಂಡಿಂಗಿಗೆ (ಮೋಟಾರನ್ನು ಓಡಿಸುವ ತಾಮ್ರದ ತಂತಿಯ ಸುರುಳಿಗೆ) ಕರೆಂಟು ಹರಿಯುತ್ತಿದೆ. ಇಂತಹ ಮೋಟಾರುಗಳಲ್ಲಿ ಹೆಚ್ಚಿನವು ಸುಟ್ಟಿರುವುದಿಲ್ಲ, ಸ್ಟಾರ್ಟ್ ಆಗಲಾರದೆ ನಿಂತಿರುತ್ತವೆ. ಆದರೆ ಇನ್ನೊಮ್ಮೆ ಪ್ಲಗ್ಗು ಹಾಕಿ ನೋಡುವುದೂ ಬೇಡ, ಏಕೆಂದರೆ ತಿರುಗದೆ ನಿಂತ ಮೋಟಾರಿನ ವೈಂಡಿಂಗ್ ಕೆಲವೇ ಕ್ಷಣಗಳಲ್ಲಿ ಕಾದು ಹಾಳಾಗುತ್ತದೆ.

ಎರಡನೆಯ ಕಾರಣ ನಿಮ್ಮ ಸುರಕ್ಷತೆ. ನಾನು ದುರಸ್ತಿಗೆ ತಂದ ಮೊದಲ ಯಂತ್ರಕ್ಕೆ ಆತುರದಲ್ಲಿ ನೇರವಾಗಿ ಕರೆಂಟು ಕೊಟ್ಟಿದ್ದೆ. ತೊಟ್ಟಿಯ ಅಂಚನ್ನು ಮುಟ್ಟಿದ ಕೈ ಹೆಗಲಿನವರೆಗೂ ಜೋಮು ಹಿಡಿದಂತಾಯಿತು. ಬಿಚ್ಚಿ ನೋಡಿದರೆ ವೈರಿನ ರಬ್ಬರು ಹೊದಿಕೆ ಒಣಗಿ, ಬೆರಳು ತಾಗಿದಲ್ಲೆಲ್ಲ ಪುಡಿಪುಡಿಯಾಗಿ ಉದುರುತ್ತಿತ್ತು. ಬರಿಯ ತಾಮ್ರದ ಎಳೆಯೊಂದು ಮೋಟಾರಿನ ಹೊರಮೈಗೆ ಒರಗಿಕೊಂಡಿತ್ತು. ಆದ್ದರಿಂದ ಗೋಡೆಯ ಪ್ಲಗ್ಗಿನಿಂದ ಸ್ವಿಚ್ಚಿನವರೆಗೆ, ಸ್ವಿಚ್ಚಿನಿಂದ ಮೋಟಾರಿನವರೆಗೆ ಎಲ್ಲ ವೈರುಗಳನ್ನೂ ಬದಲಿಸಿ, ಮೂರು ಎಳೆಯ ವೈರು ಹಾಕಿ, ಯಂತ್ರದ ಮೈಗೆ ಅರ್ತಿಂಗ್ ಕೊಡಿ. ಆಮೇಲೆ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತದೆಯೇ ಎಂದು ರೋಧ ಅಳೆದು ತಿಳಿಸುವ ಸಾಧನ) ಹಿಡಿದು ವೈಂಡಿಂಗಿಗೂ ಮೋಟಾರಿನ ಮೈಗೂ ನಡುವೆ ಅಳೆಯಿರಿ. ಕನಿಷ್ಠ ಒಂದು ಮೆಗಾಓಮ್ ಬಾರದಿದ್ದರೆ ತೇವ ಸೇರಿರಬಹುದು. ಮೋಟಾರನ್ನು ಬಿಚ್ಚಿ, ಒಂದೆರಡು ದಿನ ಬೆಚ್ಚಗಿನ ಒಣ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ.

ಇಷ್ಟಾದ ಮೇಲೆ ಮೋಟಾರನ್ನು ಗೇರಿನ ಭಾಗದಿಂದ ಬೇರ್ಪಡಿಸಿ, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಬುಷ್ಷಿನ (ಶಾಫ್ಟು ಕೂತು ತಿರುಗುವ ಬಳೆಯ) ಪಕ್ಕದ ಉಣ್ಣೆಯ ಬತ್ತಿಯಲ್ಲಿದ್ದ ಎಣ್ಣೆ ಅಂಟಿನಂತೆ ಗಟ್ಟಿಯಾಗಿದೆ ಎಂದು ತಿಳಿಯಿರಿ. ಹಳೆಯದನ್ನು ತೊಳೆದು, ಎಸ್‌ಎಇ 20 ದರ್ಜೆಯ ತೆಳು ಎಣ್ಣೆಯನ್ನು ಕೆಲವು ಹನಿ ಬಿಡಿ. ಸರಾಗವಾಗಿ ತಿರುಗಿದರೆ ತೊಂದರೆ ಬಹುಮಟ್ಟಿಗೆ ಸೆಂಟ್ರಿಫ್ಯೂಗಲ್ ಸ್ವಿಚ್ಚಿನಲ್ಲಿರುತ್ತದೆ. ಮೋಟಾರು ತನ್ನ ಪೂರ್ಣ ವೇಗದ ಮುಕ್ಕಾಲು ಭಾಗ ಮುಟ್ಟುವವರೆಗೆ ಸ್ಟಾರ್ಟಿಂಗ್ ವೈಂಡಿಂಗನ್ನು (ತಿರುಗಲು ಶುರು ಮಾಡಿಸುವ ಸುರುಳಿಯನ್ನು) ಜೋಡಿಸಿಟ್ಟು, ಆಮೇಲೆ ತಾನಾಗಿ ಬಿಡಿಸುವುದೇ ಅದರ ಕೆಲಸ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಅದರ ಪಾಯಿಂಟುಗಳ (ಒಂದನ್ನೊಂದು ಮುಟ್ಟಿ ಕರೆಂಟು ಹರಿಸುವ ಲೋಹದ ತುದಿಗಳ) ಮೇಲೆ ಕಪ್ಪು ಪದರ ಕಟ್ಟಿರುತ್ತದೆ. ಅತಿ ನುಣುಪಾದ ಪಾಲಿಶ್ ಪೇಪರಿನ ಸಣ್ಣ ಪಟ್ಟಿಯನ್ನು ಅವುಗಳ ನಡುವೆ ಸಿಕ್ಕಿಸಿ ನಾಲ್ಕಾರು ಸಲ ಮೆಲ್ಲಗೆ ಎಳೆದರೆ ಲೋಹ ಹೊಳೆಯುತ್ತದೆ. ನಾನು ಬಿಚ್ಚಿದ ಮೋಟಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಬೇಕಾದದ್ದು ಇಷ್ಟೇ ಆಗಿತ್ತು. ಕೆಪಾಸಿಟರ್ (ಮೋಟಾರು ಸ್ಟಾರ್ಟ್ ಆಗಲು ನೆರವಾಗುವ ಬಿಡಿಭಾಗ) ಇದ್ದರೆ ಅದನ್ನು ಮಾತ್ರ ಹೊಸದು ಹಾಕಿ. ಹಳೆಯದು ಸೋರಿದ್ದರೆ ಆ ಎಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೊದಲ ಸಲ ಕರೆಂಟು ಕೊಡುವಾಗ ನೂರು ವ್ಯಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟರೆ, ಎಲ್ಲಾದರೂ ಶಾರ್ಟ್ ಇದ್ದಲ್ಲಿ ಕರೆಂಟು ಮಿತಿ ಮೀರದಂತೆ ಬಲ್ಬು ತಡೆಯುತ್ತದೆ.

ನೀವು ಕಳಿಸಿದ ಚಿತ್ರದಲ್ಲಿ ಮೋಟಾರಿನ ಪ್ಲೇಟಿನ ಮೇಲೆ 115 ವೋಲ್ಟ್, 60 ಸೈಕಲ್ (ಸೆಕೆಂಡಿಗೆ, ಅಂದರೆ ಹರ್ಟ್ಜ್), ನಿಮಿಷಕ್ಕೆ 1725 ಸುತ್ತು ಎಂದಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಸೈಕಲನ್ನು ಬದಲಿಸುವುದಿಲ್ಲ. ನಮ್ಮ ಮನೆಗಳ 50 ಸೈಕಲ್ಲಿನ ವಿದ್ಯುತ್ತಿನಲ್ಲಿ ಈ ಮೋಟಾರು ಸುಮಾರು 1440 ಸುತ್ತಿಗೆ ಇಳಿಯುತ್ತದೆ, ಮೇಲಾಗಿ 115 ವೋಲ್ಟನ್ನೇ ಕೊಟ್ಟರೆ ಬೇಗ ಬಿಸಿಯಾಗುತ್ತದೆ. ಸೈಕಲ್ ಇಳಿದ ಪ್ರಮಾಣದಲ್ಲೇ ವೋಲ್ಟೇಜೂ ಇಳಿಯಬೇಕಾದ್ದರಿಂದ, 95ರಿಂದ 100 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಆರಿಸಿಕೊಳ್ಳಿ. ಒಗೆತ ತುಸು ನಿಧಾನವಾಗುತ್ತದೆ, ಆದರೆ ಮೋಟಾರು ಉಳಿಯುತ್ತದೆ.

ಇಷ್ಟು ಒತ್ತಾಯಿಸಿ ಹೇಳುವುದಕ್ಕೆ ಕಾರಣ, ಈ ಯಂತ್ರವನ್ನು ಬಿಚ್ಚಿ ಜೋಡಿಸಲೆಂದೇ ಕಟ್ಟಿದ್ದಾರೆ. ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್‌ನಲ್ಲಿದ್ದ ಮೇಟ್ಯಾಗ್ ಕಂಪನಿ 1907ರಲ್ಲಿ ಒಗೆಯುವ ಯಂತ್ರಗಳನ್ನು ಮಾಡಲು ತೊಡಗಿ, 1919ರಲ್ಲಿ ಎರಕದ ಅಲ್ಯೂಮಿನಿಯಂ ತೊಟ್ಟಿಯನ್ನು ತಂದಿತು; ನಿಮ್ಮ ಚೌಕ ತೊಟ್ಟಿಗೆ ತುಕ್ಕು ಹತ್ತದಿರುವುದು ಆ ಲೋಹದಿಂದಲೇ. ಮುಚ್ಚಳದಿಂದ ಇಳಿಬಿಡುತ್ತಿದ್ದ ಕಲಕುವ ಸಾಧನವನ್ನು 1922ರಲ್ಲಿ ತೊಟ್ಟಿಯ ತಳಕ್ಕೆ ತಂದರು. 1937ರಲ್ಲೇ ಬೆಂಡಿಕ್ಸ್ ಕಂಪನಿಯ ಸ್ವಯಂಚಾಲಿತ ಯಂತ್ರ ಬಂದರೂ, ರೋಲರಿನಲ್ಲಿ ಹಿಂಡುವ ಈ ಮಾದರಿಯನ್ನು ಮೇಟ್ಯಾಗ್ 1983ರವರೆಗೆ ತಯಾರಿಸಿತು. ನನ್ನ ಸೋದರತ್ತೆಯ ಮನೆಯಲ್ಲಿ ಇಂಥದೇ ಒಂದಿತ್ತು. ರೋಲರಿನ ಆಚೆ ನಿಂತು, ಹಲಗೆಯಂತೆ ಚಪ್ಪಟೆಯಾಗಿ ಹೊರಬರುವ ಬಟ್ಟೆಯನ್ನು ಹಿಡಿದುಕೊಳ್ಳುವುದು ಮಕ್ಕಳ ಕೆಲಸ. ಬಿಸಿ ರಬ್ಬರು ಮತ್ತು ಸೋಪಿನ ಆ ವಾಸನೆ, ಗೇರಿನ ಆ ತೂಗುವ ಸದ್ದು ಇಂದಿಗೂ ಹಳೆಯ ಯಂತ್ರವೊಂದು ಓಡತೊಡಗಿದ ಕೂಡಲೇ ನನಗೆ ಮರಳಿ ಸಿಗುತ್ತವೆ. ಹೊಸ ಮೋಟಾರು ಕೂರಿಸಿದ ಯಂತ್ರದಲ್ಲಿ ಆ ಸದ್ದು ಬರುವುದಿಲ್ಲ.

ತೊಟ್ಟಿಯ ನಡುವಿನ ಅಜಿಟೇಟರ್ (ಬಟ್ಟೆ ಕಲಕುವ ಸಾಧನ) ಶಾಫ್ಟಿಗೆ ಕಚ್ಚಿಕೊಂಡಿದ್ದರೆ ಸುತ್ತಿಗೆ ಮುಟ್ಟಬೇಡಿ, ಅಂಚಿಗೆ ಮೀಟುಗೋಲನ್ನೂ ಹಾಕಬೇಡಿ. ಬೇಕಲೈಟಿನದಾದರೆ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನದಾದರೆ) ಬಿಸ್ಕತ್ತಿನಂತೆ ಮುರಿಯುತ್ತದೆ. ತೊಟ್ಟಿಗೆ ತುಂಬ ಬಿಸಿಯಾದ ನೀರು ತುಂಬಿ ಅರ್ಧ ಗಂಟೆ ಬಿಟ್ಟು, ಎರಡೂ ಕೈಗಳಿಂದ ನೇರವಾಗಿ ಮೇಲಕ್ಕೆ ಎತ್ತಿ. ಮೊದಲ ಸಲಕ್ಕೆ ಬರದಿದ್ದರೆ ಮರುದಿನ ಮತ್ತೆ ಹಾಗೆಯೇ ಮಾಡಿ. ನನ್ನ ಒಂದು ಯಂತ್ರದಲ್ಲಿ ಅದು ಬಿಟ್ಟುಕೊಂಡದ್ದು ಐದನೆಯ ದಿನ.

ರೋಲರುಗಳ ಒತ್ತಡವನ್ನು ಬಳಸದಿರುವಾಗ ಯಾವಾಗಲೂ ಸಡಿಲಿಸಿಡಬೇಕು, ಇಲ್ಲದಿದ್ದರೆ ಒಂದನ್ನೊಂದು ಒತ್ತಿದ ಜಾಗದಲ್ಲಿ ರಬ್ಬರು ಚಪ್ಪಟೆಯಾಗಿ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೈ ಸಿಕ್ಕಿದರೆ ರೋಲರನ್ನು ತಟ್ಟನೆ ಬಿಡಿಸುವ ತುರ್ತು ಸನ್ನೆ ಕೆಲಸ ಮಾಡುತ್ತದೆಯೇ ಎಂದು ಮೋಟಾರು ಓಡಿಸುವ ಮೊದಲೇ ಹತ್ತಾರು ಸಲ ಪರೀಕ್ಷಿಸಿ. ಅದು ಸರಿಯಾಗುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೆಗ್ಗರಿನ ಅಳತೆ ಎಷ್ಟು ಬಂತೆಂದು ತಿಳಿಸಿ, ಸ್ವಿಚ್ಚಿನ ಪಾಯಿಂಟುಗಳ ಚಿತ್ರವನ್ನು ಹತ್ತಿರದಿಂದ ತೆಗೆದು ಇಲ್ಲಿಯೇ ಹಾಕಿ. ನೋಡಿ ಮುಂದಿನದನ್ನು ಹೇಳುತ್ತೇನೆ.