ಕಿಡ್ನಿ ಕಸಿ ಆದವರಿಗೆ ಬೆನ್ನುನೋವು, ಜ್ವರ ಇಲ್ಲ ಅಂದ್ರೆ ಇನ್ಫೆಕ್ಷನ್ ಅಲ್ಲ ಅಂತಾನಾ?

ನಿಮ್ಮ ಅಪ್ಪಂಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವರ್ಷ, ತಿಂಗಳಿಂದ ಬೆನ್ನುನೋವು, ಈಗ ಕಾಲು ಭಾರ ಅಂತಿದಾರೆ, ಜ್ವರ ಇಲ್ವಲ್ಲ ಡಿಸ್ಕ್ ಇರ್ಬೇಕು ಅಂತ ಡಾಕ್ಟ್ರು ಅಂದ್ರು ಅಂತ ಬರೆದಿದೀರ. ನಾನು ಡಾಕ್ಟರ್ ಅಲ್ಲ, ಆದ್ರೆ ಇದೇ "ಜ್ವರ ಇಲ್ವಲ್ಲ" ಅನ್ನೋ ಮಾತು ನಂಬ್ಕೊಂಡು ನಾವು ಎರಡು ತಿಂಗಳು ಕಳ್ಕೊಂಡ್ವಿ.

ನಮ್ಮಮ್ಮ ರುಮಟಾಯ್ಡ್ ಅನ್ನೋ ಕೀಲುವಾತಕ್ಕೆ ಆರೇಳು ವರ್ಷದಿಂದ ಸ್ಟೀರಾಯ್ಡು, ಮೆಥೊಟ್ರೆಕ್ಸೇಟು ತಗೋತಿದ್ರು. ಬೆನ್ನಿನ ನಡುಭಾಗದಲ್ಲಿ ನೋವು ಶುರುವಾಯ್ತು, ರಾತ್ರಿ ಮಲಗಿದ್ರೂ ಬಿಡ್ತಿರ್ಲಿಲ್ಲ, ಕೀಲುನೋವಿನ ಜೊತೆ ಇದೂ ಒಂದು ಅಂದ್ಕೊಂಡು ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ನು, ಬೆಲ್ಟು ಅಂತ ಓಡಾಡಿದ್ವಿ. ಒಂದಿನ ಬಚ್ಚಲಿಗೆ ಹೋಗ್ತಾ ಕಾಲಿಂದ ಚಪ್ಪಲಿ ಕಳಚಿಕೊಂಡಿದ್ದೇ ಅವ್ರಿಗೆ ಗೊತ್ತಾಗ್ಲಿಲ್ಲ. ಆಗ ಎಂಆರ್‌ಐ ಮಾಡ್ಸಿದ್ರೆ ಬೆನ್ನುಮೂಳೆಯ ನಡುಭಾಗದ ಡಿ9, ಡಿ10 ಮೂಳೆ ಕೊರೆದುಹೋಗಿತ್ತು, ಪಕ್ಕದಲ್ಲಿ ಕೀವು ತುಂಬಿ ಬೆನ್ನುಹುರಿನ ಒತ್ತುತಿತ್ತು. ಬೆನ್ನುಮೂಳೆ ಟಿಬಿ. ಒಂದು ದಿನಾನೂ ಕೆಮ್ಮಿರ್ಲಿಲ್ಲ ಅವ್ರು.

ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು. ಎಷ್ಟೋ ವರ್ಷದ ಹಿಂದೆ ಒಳಗೆ ಸೇರಿ ಸುಮ್ನಿದ್ದ ಟಿಬಿ ರೋಗಾಣು, ಅಮ್ಮನ ಮಾತ್ರೆ, ಕಸಿ ಆದವರ ಮಾತ್ರೆ ಥರದ್ದರಿಂದ ಇಮ್ಯುನಿಟಿ ತಗ್ಗಿದಾಗ ಏಳುತ್ತೆ, ರಕ್ತದ ಮೂಲಕ ಮೂಳೆಗೂ ಹೋಗುತ್ತೆ. ಆ ಕೀವಿಗೆ ಬಿಸಿ, ಕೆಂಪು ಏನೂ ಇರಲ್ಲ, ಕೋಲ್ಡ್ ಅಬ್ಸೆಸ್ ಅಂತಾನೇ ಹೆಸರು. ಮೇಲಿಂದ ಸ್ಟೀರಾಯ್ಡು, ನೋವಿನ ಮಾತ್ರೆ ಎರಡೂ ಜ್ವರಾನ ಅಡಗಿಸ್ತವೆ.

ಟಿಬಿ ಒಂದೇ ಅಲ್ಲ. ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾ ಹುರಿ ಸುತ್ತ ಕೀವು ಮಾಡಿದ್ರೆ ಕಾಲು ಬೀಳೋಕೆ ಒಂದೆರಡು ದಿನ ಸಾಕು, ಶುಗರ್ ಇರೋರಿಗೆ ಈ ಅಪಾಯ ಇನ್ನೂ ಜಾಸ್ತಿ. ಸರ್ಪಸುತ್ತಿನ ವೈರಸ್ಸೂ ಹುರಿಗೆ ಇಳೀಬಹುದು, ಈಚೆಗೆ ಗುಳ್ಳೆ ಎದ್ದಿದ್ರೆ ಮರೀದೆ ಹೇಳಿ.

ಕಾಲು ಭಾರ ಆಗಿದೆ ಅಂದ್ಮೇಲೆ ದಯವಿಟ್ಟು ಕಾಯ್ಬೇಡಿ, ಇವತ್ತೇ ಟ್ರಾನ್ಸ್‌ಪ್ಲಾಂಟ್ ಡಾಕ್ಟ್ರಿಗೆ ಫೋನ್ ಮಾಡಿ, ಮೂತ್ರ ಕಟ್ಟಿದ್ರೆ ಅಥವಾ ಕೂರೋ ಜಾಗ ಮರಗಟ್ಟಿದ್ರೆ ಫೋನೂ ಬೇಡ ಸೀದಾ ಎಮರ್ಜೆನ್ಸಿಗೆ ಹೋಗಿ. ಎಕ್ಸ್‌ರೇಲಿ ಶುರುವಿನಲ್ಲಿ ಏನೂ ಕಾಣ್ದೇ ಇರ್ಬಹುದು, ಎಂಆರ್‌ಐ ಬೇಕು, ಕಾಂಟ್ರಾಸ್ಟ್ ಅನ್ನೋ ಇಂಜೆಕ್ಷನ್ ಕೊಡೋ ಮುಂಚೆ ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ರಿಪೋರ್ಟ್ ತೋರ್ಸಿ. ಡೈಕ್ಲೋಫೆನಾಕ್ ಥರದ ನೋವಿನ ಇಂಜೆಕ್ಷನ್ ಕೊಡಿಸ್ತಿದ್ರೆ ನಿಲ್ಸಿ, ಕಸಿ ಮಾಡಿದ ಕಿಡ್ನಿಗೆ ಅದು ಕೆಟ್ಟದ್ದು.

ಅಕಸ್ಮಾತ್ ಟಿಬಿ ಅಂತ ಬಂದ್ರೆ ಒಂದು ಮಾತು ನೆನಪಿರ್ಲಿ. ರಿಫಾಂಪಿಸಿನ್ ಅನ್ನೋ ಟಿಬಿ ಮಾತ್ರೆ, ಕಸಿ ಕಿಡ್ನಿ ಉಳಿಸೋಕೆ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆಯ ಪ್ರಮಾಣಾನ ರಕ್ತದಲ್ಲಿ ಜೋರಾಗಿ ಇಳಿಸುತ್ತೆ, ಕಿಡ್ನಿ ರಿಜೆಕ್ಟ್ ಆಗಬಹುದು, ಹಾಗಾಗಿ ಟಿಬಿ ಡಾಕ್ಟ್ರು ಕಿಡ್ನಿ ಡಾಕ್ಟ್ರು ಇಬ್ರೂ ಮಾತಾಡ್ಕೊಂಡೇ ಶುರು ಮಾಡ್ಲಿ. ಇನ್ಫೆಕ್ಷನ್ ಅಂತ ಕಸಿ ಮಾತ್ರೆಗಳನ್ನ ನೀವಾಗೇ ನಿಲ್ಲಿಸ್ಬೇಡಿ. ಮೂಳೆ ಟಿಬಿಗೆ ಸಾಮಾನ್ಯವಾಗಿ 12 ತಿಂಗಳು ಮಾತ್ರೆ, ಸರ್ಕಾರಿ ಆಸ್ಪತ್ರೆಲಿ ಫ್ರೀ, ನಿಕ್ಷಯ್ ಯೋಜನೇಲಿ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯೂ ಬರುತ್ತೆ.

ಅಮ್ಮಂಗೆ ಆಪರೇಷನ್ ಆಗಿ, ಕೋರ್ಸ್ ಮುಗೀತು. ಕೋಲು ಹಿಡ್ಕೊಂಡು ನಡೀತಾರೆ, ಎಡಗಾಲಿಗೆ ಮೊದಲಿನ ಬಲ ಬರ್ಲಿಲ್ಲ. ಎಂಆರ್‌ಐ ಆದ್ಮೇಲೆ ಏನ್ ಬಂತು ಅಂತ ಇಲ್ಲೇ ಬರೀರಿ, ನೋಡ್ತಿರ್ತೀನಿ.