ಕಪ್ಪೆಯ ಮುಂದೆ ಕೋತಿ ಮಂತ್ರ ಹೇಳುವ ಈ ಚಿತ್ರದ ಅರ್ಥವೇನು?

ಕಪ್ಪೆಯೊಂದು ಬುದ್ಧನಂತೆ ಕುಳಿತಿದೆ, ಸನ್ಯಾಸಿಯ ನಿಲುವಂಗಿ ತೊಟ್ಟ ಕೋತಿ ಅದಕ್ಕೆ ಪೂಜೆ ಮಾಡುತ್ತಿದೆ. ಇದು ಬುದ್ಧನಿಗೆ ಮಾಡಿದ ಅವಮಾನವೋ, ಮಕ್ಕಳ ಕಥೆಯ ಚಿತ್ರವೋ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡೂ ಅಲ್ಲ. ಇಲ್ಲಿ ಗೇಲಿಗೆ ಸಿಕ್ಕಿರುವುದು ಕಪ್ಪೆಯಲ್ಲ, ಕೋತಿ.

ಇದು ಜಪಾನಿನ 'ಚೋಜು ಜಿಂಬುತ್ಸು ಗಿಗಾ' ಎಂಬ ಸುರುಳಿಚಿತ್ರದ ಒಂದು ತುಣುಕು. ಕ್ಯೋಟೋದ ಕೋಝಾನ್‌ಜಿ ಎಂಬ ಬೌದ್ಧ ದೇಗುಲಕ್ಕೆ ಸೇರಿದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದು, 12ನೇ ಶತಮಾನದ್ದು. ಉದ್ದ 11 ಮೀಟರಿಗೂ ಹೆಚ್ಚು, ಎತ್ತರ ಸುಮಾರು ಒಂದು ಅಡಿ. ಬಣ್ಣವಿಲ್ಲ, ಬರೀ ಮಸಿ. ವಿವರಣೆಯ ಒಂದು ಸಾಲೂ ಇಲ್ಲ. ತೋಬಾ ಸೋಜೋ ಎಂಬ ಭಿಕ್ಷು ಬರೆದದ್ದೆಂಬ ಪ್ರತೀತಿ ಇದೆಯಾದರೂ ನಾಲ್ಕೂ ಒಂದೇ ಕೈಯವಲ್ಲ ಎಂಬುದು ನೋಡಿದರೇ ತಿಳಿಯುತ್ತದೆ. ಭಿಕ್ಷುಗಳೇ ಶತಮಾನಗಳ ಕಾಲ ಜೋಪಾನ ಮಾಡಿದ ಚಿತ್ರದಲ್ಲಿ ಧರ್ಮನಿಂದೆ ಹುಡುಕುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ಕೋತಿಯ ಬಾಯಿಯನ್ನು ಹತ್ತಿರದಿಂದ ನೋಡಿ. ಅಲ್ಲಿಂದ ಕೆಲವು ತೆಳು ಗೆರೆಗಳು ಹೊರಟಿವೆ. ಅದು ಮಂತ್ರ, ಅಂದರೆ ಬರಿಯ ಉಸಿರು. ಎದುರಿನ ಕಪ್ಪೆ ಕಮಲದೆಲೆಯ ಮೇಲೆ ಕೈ ಎತ್ತಿ ಕುಳಿತಿದೆ. ಬೆನ್ನಿಗೆ ಪ್ರಭಾವಳಿಯಂತೆ ಬಾಳೆಲೆ. ಹಿಂದೆ ಜಪಮಾಲೆ ಹಿಡಿದ ನರಿ, ಮೊಲ. ನರಿಯ ಕೈಯಲ್ಲಿ ಜಪಮಾಲೆ ಕಂಡಾಗ ಕನ್ನಡದವರಿಗೆ ಬೇರೆ ವ್ಯಾಖ್ಯಾನ ಬೇಕೇ? 'ಬಕಧ್ಯಾನ' ಎಂಬ ಮಾತು ನಮ್ಮಲ್ಲೇ ಇದೆ. ಮಾಮಲ್ಲಪುರದ 7ನೇ ಶತಮಾನದ ಬಂಡೆಶಿಲ್ಪದಲ್ಲಿ ಬೆಕ್ಕೊಂದು ಎರಡು ಕೈ ಮೇಲೆತ್ತಿ ತಪಸ್ಸಿಗೆ ನಿಂತಿದೆ, ಇಲಿಗಳು ಅದರ ಸುತ್ತ ನೆರೆದಿವೆ. ಎರಡಕ್ಕೂ ನಂಟಿದೆ ಎನ್ನುತ್ತಿಲ್ಲ, ನಗುವ ಬಗೆ ಒಂದೇ.

ಸುರುಳಿಯನ್ನು ಬಲದಿಂದ ಎಡಕ್ಕೆ ಬಿಚ್ಚುತ್ತಾ ನೋಡಬೇಕು. ನಿಮ್ಮ ತುಣುಕಿನ ಎಡಕ್ಕೆ ಮುಂದುವರಿದರೆ ಇದೇ ಪುರೋಹಿತ ಕೋತಿಯ ಬಳಿಗೆ ಕಾಣಿಕೆಗಳು ಬರುತ್ತಿರುತ್ತವೆ. ಪೂಜೆ ಮುಗಿಯಿತು, ದಕ್ಷಿಣೆ ಬಂತು! ಗೇಲಿಗೆ ಸಿಕ್ಕಿರುವುದು ಕೋತಿ ಎಂದು ನಾನು ಹೇಳಿದ್ದು ಇದಕ್ಕೇ. ಆದರೂ ಇಡೀ ಸುರುಳಿಯನ್ನು ಒಂದೇ ಕಥೆಯಾಗಿ ಓದಲು ಹೋಗಬೇಡಿ. ಕಾಗದದ ಹಾಳೆಗಳನ್ನು ಅಂಟಿಸಿ ಮಾಡಿದ್ದು ಅದು. ಕೆಲವು ಹಾಳೆಗಳು ಕಳಚಿ ಹೋಗಿವೆ, ಕೆಲವು ಹಿಂದುಮುಂದಾಗಿವೆ. ಕಪ್ಪೆ ಎಂದರೆ ಇಂಥ ದೊರೆ, ಮೊಲ ಎಂದರೆ ಇಂಥ ಮಂತ್ರಿ ಎಂದು ಪಟ್ಟಿ ಮಾಡುವವರನ್ನು ನಾನು ನಂಬುವುದಿಲ್ಲ.

ಒಮ್ಮೆ ಈ ಸುರುಳಿಯಲ್ಲಿ ಮೊಲದೊಂದಿಗೆ ಕುಸ್ತಿಗಿಳಿದ ಕಪ್ಪೆಯನ್ನು ಕುಂಚದಲ್ಲಿ ನಕಲು ಮಾಡಲು ಕುಳಿತಿದ್ದೆ. ನಾಲ್ಕು ಹಾಳೆ ಹಾಳಾದವು. ನನ್ನ ಕಪ್ಪೆಗಳೆಲ್ಲ ಕಪ್ಪೆಯ ಮುಖವಾಡ ಹಾಕಿದ ಮನುಷ್ಯರಾದವು. ಮೂಲದ್ದು ಎರಡು ಕಾಲಲ್ಲಿ ನಿಂತು ಮೊಲದ ಕಿವಿ ಕಚ್ಚುವಾಗಲೂ ತೊಡೆ ಕಪ್ಪೆಯದೇ, ಈಗಲೋ ಆಗಲೋ ಕೆರೆಗೆ ಹಾರುವಂತಿದೆ.